ಜಾಹೀರಿಲ್ಲದೆ ಕೈಬದಲಾದ ಮನೆಗಳು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಗಾದೆ ಕಟ್ಟಿದ ನಮ್ಮ ಹಿರಿಯರು ಮುಂಬಯಿಯನ್ನು ಕಂಡವರಲ್ಲ. ಕಂಡಿದ್ದರೆ “ಮನೆ ಹುಡುಕಿ ನೋಡು” ಎಂಬ ಮೂರನೆಯ ಮಾತನ್ನೂ ಅದಕ್ಕೆ ಸೇರಿಸುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಈ ನಗರದಲ್ಲಿ ನೆಲೆ ನಿಂತ ಯಾವ ಹಳೆಯ ಕನ್ನಡ ಕುಟುಂಬವನ್ನಾದರೂ ಕೇಳಿ ನೋಡಿರಿ: ನಿಮಗೆ ಮೊದಲ ಖೋಲಿ ಸಿಕ್ಕಿದ್ದು ಹೇಗೆ? ಪತ್ರಿಕೆಯಲ್ಲಿ ಜಾಹೀರಾತು ಓದಿ ಹೋದೆವು ಎನ್ನುವವರು ಬಲು ವಿರಳ. “ಊರಿನವರೊಬ್ಬರು ಹೇಳಿದರು”, “ಖಾನಾವಳಿಯಲ್ಲಿ ಮಾತು ಬಂತು”, “ಭಜನೆಗೆ ಹೋದಾಗ ತಿಳಿಯಿತು” ಎಂಬುವೇ ಸಾಮಾನ್ಯವಾದ ಉತ್ತರಗಳು. ಪೇಟೆಗೆ ಬಾರದೆ, ಹತ್ತು ಜನರ ಕಿವಿಗೆ ಬೀಳದೆ, ಪರಿಚಯದ ದಾರಿಯಲ್ಲೇ ಸಾಗಿ ಕೈಯಿಂದ ಕೈಗೆ ಹೋದ ಮನೆಗಳಲ್ಲಿಯೇ ನಮ್ಮವರ ಮೊದಲ ಎರಡು ಮೂರು ತಲೆಮಾರುಗಳು ಬದುಕು ಸವೆಸಿದವು.

ರಾಜ್ಯೋತ್ಸವದ ಸಂಚಿಕೆಗಳಲ್ಲಿ ನಾವು ಅರಸರ, ಕವಿಗಳ, ಏಕೀಕರಣದ ಹಿರಿಯರ ಚರಿತ್ರೆಯನ್ನು ಓದುತ್ತೇವೆ, ಓದಬೇಕಾದದ್ದೇ. ಆದರೆ ಹೊರನಾಡಿನಲ್ಲಿ ಬಾಳುವ ನಮಗೆ ನಮ್ಮ ತಲೆಯ ಮೇಲಿನ ಸೂರಿಗೂ ಒಂದು ಚರಿತ್ರೆ ಉಂಟೆಂಬುದು ಮರೆತುಹೋಗುತ್ತದೆ. ಆ ಚರಿತ್ರೆಯಲ್ಲಿ ಉಪಕಾರವೂ ಇದೆ, ಅನ್ಯಾಯವೂ ಇದೆ. ಎರಡನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮುಂಬಯಿಗೆ ಬರುವ ಮೊದಲು ಕಲ್ಯಾಣದ ಕಡೆಗೊಮ್ಮೆ ತಿರುಗಿ ನೋಡಬೇಕು. ಇಂದಿನ ಬಸವಕಲ್ಯಾಣವೇ ಆ ಕಲ್ಯಾಣ. ಅಲ್ಲಿ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ ಆಳಿದನು. ಅವನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಮುಂದೆ ಭಾರತದ ಬಹುಭಾಗದಲ್ಲಿ ಹಿಂದೂ ಕಾಯಿದೆಯ ಆಧಾರವಾಯಿತೆಂಬುದನ್ನು ನಾವೆಲ್ಲರೂ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ನೆಲವು ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕಾದರೆ ಆರು ಸಂಗತಿಗಳು ಕೂಡಬೇಕೆಂಬ ಹಳೆಯ ಮಾತನ್ನು ಅವನು ಅಲ್ಲಿ ವಿಚಾರಕ್ಕೆ ತೆಗೆದುಕೊಳ್ಳುತ್ತಾನೆ. ಊರಿನವರ, ಬಂಧುಗಳ, ನೆರೆಯವರ, ದಾಯಾದರ ಒಪ್ಪಿಗೆ ನಾಲ್ಕು. ಬಂಗಾರ ಮತ್ತು ನೀರನ್ನು ಧಾರೆಯೆರೆಯುವುದು ಎರಡು. ಊರಿನವರ ಒಪ್ಪಿಗೆಯೇಕೆ? ಅವರು ಒಪ್ಪದಿದ್ದರೆ ವ್ಯವಹಾರವೇ ಮುರಿದುಬೀಳುತ್ತದೆಂದಲ್ಲ. ಸ್ಥಿರಾಸ್ತಿಯ ಕೈಬದಲು ನಾಲ್ಕು ಜನರಿಗೆ ಪ್ರಕಟವಾಗಿ ತಿಳಿದಿರಬೇಕೆಂಬುದಕ್ಕಾಗಿ. ನೆರೆಯವರ ಒಪ್ಪಿಗೆಯೇಕೆ? ಮುಂದೆ ಮೇರೆಯ ತಂಟೆ ಬಾರದಿರಲೆಂದು. ಒಂಬೈನೂರು ವರ್ಷಗಳ ಹಿಂದೆ ನಮ್ಮ ನಾಡಿನ ಒಬ್ಬ ನ್ಯಾಯಶಾಸ್ತ್ರಜ್ಞನು ಕಂಡುಕೊಂಡ ಸತ್ಯವಿದು: ಮನೆಯನ್ನು ಯಾರಿಗೆ ಬೇಕಾದರೂ ಕೊಡು, ಆದರೆ ಗುಟ್ಟಾಗಿ ಕೊಡಬೇಡ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂಬಯಿಗೆ ಬರೋಣ.

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡ, ಬೆಳಗಾವಿ, ವಿಜಾಪುರಗಳು ಅದಕ್ಕೂ ಮೊದಲೇ ಆ ಪ್ರಾಂತದಲ್ಲಿದ್ದವು. 1956ರ ನವೆಂಬರ್ 1ರ ವರೆಗೂ ಈ ನಾಲ್ಕು ಜಿಲ್ಲೆಗಳ ಕನ್ನಡಿಗರಿಗೆ ಮುಂಬಯಿಯೇ ರಾಜಧಾನಿ. ಕಚೇರಿಯ ಕೆಲಸಕ್ಕೆ, ಕಾಲೇಜಿಗೆ, ಹೈಕೋರ್ಟಿಗೆ ಅವರು ಇಲ್ಲಿಗೇ ಬರಬೇಕಾಗಿತ್ತು. ದಕ್ಷಿಣ ಕನ್ನಡದವರು ಮದರಾಸು ಪ್ರಾಂತದವರಾದರೂ ಮಂಗಳೂರು, ಮಲ್ಪೆಗಳಿಂದ ಆಗಬೋಟಿನಲ್ಲಿ ಬಂದು ಇದೇ ಬಂದರಿನಲ್ಲಿ ಇಳಿದರು. ಹೋಟೆಲಿನ ಹುಡುಗನಾಗಿ ಬಂದವನಿಗೆ ಹೋಟೆಲಿನ ನೆಲವೇ ಹಾಸಿಗೆ. ರಾತ್ರಿ ಮೇಜುಗಳನ್ನು ಒರೆಸಿ, ಕುರ್ಚಿಗಳನ್ನು ಮೇಲೇರಿಸಿ, ಅದೇ ಜಾಗದಲ್ಲಿ ಚಾಪೆ ಬಿಡಿಸುವುದು. ಒಂಟಿಯಾಗಿರುವಷ್ಟು ದಿನ ಇದು ನಡೆಯುತ್ತಿತ್ತು. ಮದುವೆಯಾಗಿ ಹೆಂಡತಿಯನ್ನು ಕರೆತರಬೇಕೆಂದಾಗಲೇ ಮನೆಯ ಪ್ರಶ್ನೆ ಎದುರಾಗುತ್ತಿತ್ತು.

ಆ ಪ್ರಶ್ನೆಗೆ ನಗರದ ಬಳಿ ಉತ್ತರವಿರಲಿಲ್ಲ. 1896ರ ಪ್ಲೇಗಿನ ಹಾವಳಿಯ ನಂತರ, 1898ರಲ್ಲಿ ನಗರ ಸುಧಾರಣೆಗೆಂದು ಒಂದು ಟ್ರಸ್ಟು ಸ್ಥಾಪಿತವಾಯಿತು. ಅದು ಇಕ್ಕಟ್ಟಾದ ಕೇರಿಗಳನ್ನು ಕೆಡವಿ ಹೊಸ ರಸ್ತೆಗಳನ್ನು ತೆರೆಯಿತು. ದಾದರ, ಮಾಟುಂಗದ ಕಡೆ ಹೊಸ ಬಡಾವಣೆಗಳನ್ನು ಹೂಡಿತು. 1920ರ ದಶಕದಲ್ಲಿ ಸರಕಾರದ ಅಭಿವೃದ್ಧಿ ಇಲಾಖೆಯು ವರಳಿ, ನಾಯಗಾಂವ್, ಡಿಲೈಲ್ ರೋಡ್ ಮತ್ತು ಶಿವಡಿಗಳಲ್ಲಿ 207 ಚಾಳುಗಳನ್ನು ಕಟ್ಟಿಸಿತು. ಬಿ.ಡಿ.ಡಿ. ಚಾಳುಗಳೆಂದು ಹೆಸರಾದವು ಇವೇ. ಒಂದೊಂದು ಖೋಲಿ ಸುಮಾರು 160 ಚದರ ಅಡಿ, ಶೌಚಗೃಹವೆಲ್ಲ ಸಾಮೂಹಿಕ. ಈಚಿನ ವರ್ಷಗಳಲ್ಲಿ ಇವುಗಳ ಪುನರ್ನಿರ್ಮಾಣಕ್ಕೆ ಕೈಹಾಕಲಾಗಿದೆ. ಆದರೆ ಗಿರಣಿಗಳೂ ಬಂದರೂ ಕಚೇರಿಗಳೂ ಕರೆತಂದ ಜನಸಾಗರಕ್ಕೆ ಇವೆಲ್ಲ ಯಾವ ಮೂಲೆಗೆ ಸಾಕು?

ಮನೆ ಕಡಮೆ, ಜನ ಹೆಚ್ಚು ಎಂದಾಗ ಬಾಡಿಗೆ ಏರುವುದು ಸಹಜ. ಅದನ್ನು ತಡೆಯಲು ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಮುಂಬಯಿಯಲ್ಲಿ ಬಾಡಿಗೆ ನಿಯಂತ್ರಣದ ಕಾಯಿದೆ ಬಂದಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ 1947ರ ಬಾಡಿಗೆ ಕಾಯಿದೆ ಬಂದಿತು. ಮನೆಯೊಂದಕ್ಕೆ 1940ರ ಸಪ್ಟಂಬರ್ 1ರಂದು ಯಾವ ಬಾಡಿಗೆ ಇತ್ತೋ ಅದೇ ಪ್ರಮಾಣ ಬಾಡಿಗೆ ಎಂದು ಅದು ಗೊತ್ತುಮಾಡಿತು. ಬಾಡಿಗೆದಾರನನ್ನು ಸುಲಭವಾಗಿ ಎಬ್ಬಿಸುವಂತಿರಲಿಲ್ಲ. ಬಾಡಿಗೆಯ ಹೊರತು ಮುಂಗಡವಾಗಿ ಇಡಿಗಂಟು ಪಡೆಯುವುದು ಮಾಲಿಕನಿಗೂ ಅಪರಾಧ, ಮನೆ ಬಿಟ್ಟುಕೊಡುವ ಬಾಡಿಗೆದಾರನಿಗೂ ಅಪರಾಧ.

ಕಾಯಿದೆಯ ಉದ್ದೇಶ ಒಳ್ಳೆಯದೇ. ಅದರಿಂದ ಸಾವಿರಾರು ಬಡ ಸಂಸಾರಗಳು ಬೀದಿಗೆ ಬೀಳದೆ ಉಳಿದವು, ನಮ್ಮವರೂ ಉಳಿದರು. ಆದರೆ ನೀರಿಗೆ ಕಟ್ಟೆ ಹಾಕಿದರೆ ಅದು ಪಕ್ಕದಿಂದ ಹರಿಯುತ್ತದೆ. ಪೇಟೆಯಲ್ಲಿ ಐವತ್ತು ರೂಪಾಯಿ ಬೆಲೆಯುಳ್ಳ ಖೋಲಿಗೆ ಕಾಯಿದೆಯು ಹನ್ನೆರಡು ರೂಪಾಯಿ ಬಾಡಿಗೆ ಕಟ್ಟಿತೆನ್ನೋಣ. ಉಳಿದ ಮೂವತ್ತೆಂಟು ರೂಪಾಯಿಯ ಲಾಭ ತಿಂಗಳು ತಿಂಗಳೂ ಖೋಲಿಯಲ್ಲಿರುವವನಿಗೆ. ಅವನು ಬಿಟ್ಟುಹೋಗುವಾಗ ಆ ಲಾಭವನ್ನು ಪುಕ್ಕಟೆಯಾಗಿ ಬಿಡುವನೇ? ಬರುವವನಿಂದ ಒಂದು ಇಡಿಗಂಟು ಕೇಳುತ್ತಾನೆ. ತನ್ನ ಸಮ್ಮತಿಯಿಲ್ಲದೆ ರಸೀದಿಯ ಹೆಸರು ಬದಲಾಗದಾದ್ದರಿಂದ ಮಾಲಿಕನೂ ಅದರಲ್ಲಿ ಪಾಲು ಕೇಳುತ್ತಾನೆ. ವಾಡಿಕೆಯಲ್ಲಿ ಅದು ಸುಮಾರು ಮೂರರಲ್ಲಿ ಒಂದು ಪಾಲು. ಈ ಗಂಟಿಗೇ ಪಗಡಿ ಎಂದು ಹೆಸರು. ಪಗಡಿ ಎಂದರೆ ತಲೆಯ ರುಮಾಲು. ಮಾನದ ಗುರುತಾದ ವಸ್ತುವಿನ ಹೆಸರು ಹೊತ್ತ ಈ ಹಣವನ್ನು ಮಾತ್ರ ಯಾರೂ ಬೆಳಕಿನಲ್ಲಿ ಎಣಿಸುತ್ತಿರಲಿಲ್ಲ.

ಪತ್ರಿಕೆಯಲ್ಲಿ ಜಾಹೀರಾತು ಏಕೆ ಇರುತ್ತಿರಲಿಲ್ಲವೆಂಬುದು ಇದರಿಂದ ತಾನಾಗಿ ಸ್ಪಷ್ಟವಾಗುತ್ತದೆ. ಅಪರಾಧವೆಂದು ಕಾಯಿದೆ ಹೇಳಿದ ವ್ಯವಹಾರವನ್ನು ಡಂಗುರ ಸಾರುವವರಾರು? ಹಣಕ್ಕೆ ರಸೀದಿ ಇಲ್ಲ, ಕರಾರಿಗೆ ಕಾಗದವಿಲ್ಲ, ಸಾಕ್ಷಿಗೆ ಸಹಿ ಇಲ್ಲ. ಆದ್ದರಿಂದ ಕೊಡುವವನಿಗೂ ಕೊಳ್ಳುವವನಿಗೂ ನಂಬಿಗೆಯೊಂದೇ ಆಧಾರ. ನಂಬಿಗೆ ಎಲ್ಲಿ ಸಿಗುತ್ತದೆ? ಒಂದೇ ಊರಿನವರಲ್ಲಿ, ಒಂದೇ ಭಾಷೆಯವರಲ್ಲಿ, ಒಂದೇ ಜಾತಿಯವರಲ್ಲಿ. ಹೀಗಾಗಿ ಖೋಲಿಗಳ ಸುದ್ದಿ ಖಾನಾವಳಿಯ ಎಲೆಯ ಮುಂದೆ, ರಾತ್ರಿಶಾಲೆಯ ಮೆಟ್ಟಿಲ ಮೇಲೆ, ಭಜನಾ ಮಂಡಲಿಯ ಚಾಪೆಯ ಮೇಲೆ ಹರಿದಾಡಿತು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್, 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘ ಮುಂತಾದ ಸಂಸ್ಥೆಗಳು ಭಾಷೆ ಮತ್ತು ಸಂಸ್ಕೃತಿಗಾಗಿ ಹುಟ್ಟಿದವು. ಆದರೆ ನಾಟಕದ ತಾಲೀಮಿಗೋ ಭಾಷಣಕ್ಕೋ ಸೇರಿದ ಜನ ಸಭೆ ಮುಗಿದ ಮೇಲೆ ಅಂಗಳದಲ್ಲಿ ನಿಂತು “ಎಲ್ಲಿಯಾದರೂ ಖೋಲಿ ಖಾಲಿಯಾಗುತ್ತದೆಯೇ?” ಎಂದು ಕೇಳದ ದಿನ ಯಾವ ಸಂಘದಲ್ಲಿದ್ದೀತು? ಒಬ್ಬರಿಗೆ ವರ್ಗವಾದರೆ, ಒಬ್ಬರು ಊರಿಗೆ ಮರಳಿದರೆ, ಒಬ್ಬರ ಮನೆಯಲ್ಲಿ ಹಿರಿಯರು ತೀರಿಕೊಂಡರೆ, ಆ ಸುದ್ದಿಯ ಹಿಂದೆಯೇ ಖೋಲಿಯ ಸುದ್ದಿಯೂ ನಡೆಯುತ್ತಿತ್ತು. ಕೇಳಲು ಕ್ರೂರವೆನಿಸಿದರೂ ಇದು ನಿಜ.

ಈ ವ್ಯವಸ್ಥೆಯಿಂದ ನಮ್ಮವರಿಗಾದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಅದರ ಇನ್ನೊಂದು ಮುಖವನ್ನು ನಮ್ಮ ಮನೆಯಲ್ಲಿಯೇ ಕಂಡೆವಾದ್ದರಿಂದ ಅದನ್ನೂ ಹೇಳಬೇಕಾಗಿದೆ.

ನಮ್ಮ ತಂದೆ ಕುಂದಾಪುರದ ಕಡೆಯವರು. ಹೋಟೆಲಿನ ಗಲ್ಲೆಯಲ್ಲಿ ಲೆಕ್ಕ ಬರೆಯುತ್ತಿದ್ದರು. 1959ರಲ್ಲಿ ಅವರಿಗೆ ಗಿರಗಾಂವಿನ ಒಂದು ಚಾಳಿನಲ್ಲಿ ಖೋಲಿ ದೊರೆಯಿತು. ಕೊಟ್ಟವರು ನಮ್ಮ ಊರಿನ ಪಕ್ಕದವರೇ, ಒಂದೇ ದೇವಸ್ಥಾನದ ತೇರಿಗೆ ಹೋಗುವವರು. ತಾಯಿಯ ಎರಡು ಬಳೆ ಮಾರಿ, ಸಾಲ ಕೂಡಿಸಿ, ತಂದೆ ಸಾವಿರದ ಐನೂರು ರೂಪಾಯಿಗಳನ್ನು ಅವರ ಕೈಯಲ್ಲಿಟ್ಟರು. “ಬರುವ ತಿಂಗಳು ಮಾಲಿಕನೊಡನೆ ಮಾತಾಡಿ ರಸೀದಿ ನಿಮ್ಮ ಹೆಸರಿಗೆ ಮಾಡಿಸುತ್ತೇನೆ” ಎಂದು ಅವರು ಮಾತು ಕೊಟ್ಟರು. ಆ ಬರುವ ತಿಂಗಳು ಬರಲೇ ಇಲ್ಲ. ಕೇಳುವುದಕ್ಕೆ ತಂದೆಗೆ ಸಂಕೋಚ. ಊರಿನವರನ್ನು ಒತ್ತಾಯಿಸುವುದು ಹೇಗೆ? ಹನ್ನೆರಡು ವರ್ಷ ನಾವು ಬಾಡಿಗೆ ಕಟ್ಟಿದೆವು. ತಗಡಿನ ಡಬ್ಬಿಯಲ್ಲಿ 144 ರಸೀದಿಗಳು ಕೂಡಿದವು. ಒಂದರಲ್ಲಿಯೂ ನಮ್ಮ ಹೆಸರಿಲ್ಲ.

1971ರಲ್ಲಿ ಅವರು ತೀರಿಕೊಂಡರು. ಹದಿನೈದು ದಿನ ಕಳೆಯುವ ಮೊದಲೇ ಅವರ ಸಂಬಂಧಿಯೊಬ್ಬರು ಬಂದು ಖೋಲಿ ತಮ್ಮದೆಂದರು. ಮಾಲಿಕನ ಗುಮಾಸ್ತನು ರಸೀದಿಯ ಹೆಸರು ನೋಡಿ ತಲೆಯಾಡಿಸಿದನು. ವಕೀಲರು ಒಂದೇ ಪ್ರಶ್ನೆ ಕೇಳಿದರು: “ಕಾಗದವೇನಾದರೂ ಇದೆಯೇ?” ಇರಲಿಲ್ಲ. ಪಗಡಿ ಕೊಟ್ಟದ್ದಕ್ಕೆ ಸಾಕ್ಷಿಯಾಗಬಲ್ಲ ಊರಿನವರು ಮೂವರಿದ್ದರು. ಮೂವರೂ ಆ ದಿನ ತಾವು ಅಲ್ಲಿರಲಿಲ್ಲವೆಂದರು. ಮಳೆಗಾಲದ ಒಂದು ಬೆಳಗ್ಗೆ ನಾವು ಪಾತ್ರೆ, ಟ್ರಂಕು, ದೇವರ ಪಟಗಳೊಡನೆ ಚಾಳಿನ ಕಟ್ಟೆಯ ಮೇಲೆ ಕುಳಿತಿದ್ದೆವು. ಆಗ ಎದುರು ಖೋಲಿಯ ಮರಾಠಿ ಅಜ್ಜಿಯೊಬ್ಬರು ನಮ್ಮ ತಾಯಿಯನ್ನು ಒಳಗೆ ಕರೆದು ಚಹ ಕೊಟ್ಟರು. ಎರಡು ತಿಂಗಳು ನಮಗೆ ತಮ್ಮ ಖೋಲಿಯ ಅರ್ಧ ಬಿಟ್ಟುಕೊಟ್ಟರು. ಡೊಂಬಿವಲಿಯಲ್ಲಿದ್ದ ತಮ್ಮ ತಮ್ಮನಿಗೆ ಹೇಳಿಕಳಿಸಿ ಅಲ್ಲೊಂದು ಮನೆಯನ್ನೂ ನೋಡಿಸಿದರು. ಅದಕ್ಕೂ ಜಾಹೀರಾತಿರಲಿಲ್ಲ. ಆದರೆ ಆ ಅಜ್ಜಿ ಹಟ ಹಿಡಿದು ಮೊದಲ ದಿನವೇ ರಸೀದಿಯನ್ನು ನಮ್ಮ ತಂದೆಯ ಹೆಸರಿಗೆ ಬರೆಸಿದರು. ನಮ್ಮ ಭಾಷೆಯ ಒಂದು ಪದವೂ ಅವರಿಗೆ ಬರುತ್ತಿರಲಿಲ್ಲ.

ನಮ್ಮದು ಒಂದೇ ಮನೆಯ ಕಥೆಯಲ್ಲ. 1973ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಆ ವರ್ಷದ ಫೆಬ್ರುವರಿ 1ರಂದು ಲೈಸೆನ್ಸು ಕರಾರಿನ ಮೇಲೆ ವಾಸವಾಗಿದ್ದವರಿಗೆ ಬಾಡಿಗೆದಾರರ ರಕ್ಷಣೆ ದೊರೆಯಿತು. ಅದು ಎರಡು ವರ್ಷ ಮೊದಲು ಬಂದಿದ್ದರೆ ಎಂದು ತಂದೆ ಆಗಾಗ ಹೇಳುವುದಿತ್ತು. ಆದರೆ ಅದಕ್ಕೂ ಕರಾರೊಂದು ಬೇಕಾಗಿತ್ತು. ಬಾಯಿಮಾತಿನ ಮನೆಗೆ ಯಾವ ಕಾಯಿದೆ ತಾನೇ ಬಾಗಿಲಾದೀತು?

ಪರಿಚಯದ ಬಲವನ್ನೇ ಬಳಸಿ, ಆದರೆ ಕಾಗದವನ್ನು ಬಿಡದೆ ಮನೆ ಮಾಡಿಕೊಂಡವರೂ ಉಂಟು. ಅವರಲ್ಲಿ ಮೊದಲಿಗರು ನಮ್ಮ ನಾಡಿನವರೇ ಎಂಬುದು ಸಂತೋಷದ ಸಂಗತಿ. ಭಾರತದ ಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂದು ಹೇಳಲಾಗುವ ಬೆಂಗಳೂರು ಕಟ್ಟಡ ಸಹಕಾರ ಸಂಘ 1909ರಲ್ಲಿ ಹುಟ್ಟಿತು. ಮುಂಬಯಿಯಲ್ಲಿ ಈ ಕೆಲಸಕ್ಕೆ ಮುಂದಾದವರು ಕೆನರಾ ಜಿಲ್ಲೆಗಳಿಂದ ಬಂದ ಸಾರಸ್ವತರು. ಮನೆಯ ಮಾತು ಕೊಂಕಣಿಯಾದರೂ ನಾಡು ಕನ್ನಡವಾಗಿದ್ದ ಜನ ಅವರು. ಅವರ ಮುಂದಾಳು ಶ್ರೀಪಾದ ಸುಬ್ಬರಾವ್ ತಲಮಕಿಯವರು. 1906ರಲ್ಲಿ ತಮ್ಮ ಗುರುಗಳಾದ ಶಾಮರಾವ್ ವಿಠ್ಠಲ ಕಾಯ್ಕಿಣಿಯವರ ನೆನಪಿಗಾಗಿ ಸಹಕಾರಿ ಸಂಘವೊಂದನ್ನು ಕಟ್ಟಿದವರೂ ಅವರೇ; ಅದೇ ಇಂದಿನ ಶಾಮರಾವ್ ವಿಠ್ಠಲ ಬ್ಯಾಂಕು. 1912ರ ಕಾಯಿದೆಯು ಸಾಲದ ಸಂಘಗಳಲ್ಲದೆ ಬೇರೆ ಬಗೆಯ ಸಹಕಾರ ಸಂಘಗಳಿಗೂ ದಾರಿ ತೆರೆಯಿತು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರ ಗೃಹನಿರ್ಮಾಣ ಸಂಘವು ಸ್ಥಾಪಿತವಾಯಿತು. ತಾಡದೇವದ ತಲಮಕಿವಾಡಿ ಆ ಹಿರಿಯರ ಹೆಸರನ್ನು ಇಂದಿಗೂ ಹೊತ್ತು ನಿಂತಿದೆ.

ಇಂಥ ಸಂಘಗಳ ಮನೆಗಳೂ ಪೇಟೆಗೆ ಬರುತ್ತಿರಲಿಲ್ಲ. ಒಬ್ಬ ಸದಸ್ಯ ಬಿಟ್ಟರೆ ಇನ್ನೊಬ್ಬ ಸದಸ್ಯನಿಗೆ ಹೋಗುತ್ತಿದ್ದವು. ಆದರೆ ಪಗಡಿಯ ಖೋಲಿಗೂ ಇದಕ್ಕೂ ಅಜಗಜಾಂತರ. ಇಲ್ಲಿ ಸದಸ್ಯರ ಪಟ್ಟಿ ಇದೆ, ಷೇರು ಪತ್ರವಿದೆ, ಸಭೆಯ ನಡವಳಿ ಪುಸ್ತಕವಿದೆ, ಲೆಕ್ಕ ತಪಾಸಣೆ ಇದೆ. ಜಾಹೀರಾತಿಲ್ಲ, ಗುಟ್ಟೂ ಇಲ್ಲ. ವಿಜ್ಞಾನೇಶ್ವರನು ಹೇಳಿದ ಊರಿನವರ ಮತ್ತು ನೆರೆಯವರ ತಿಳಿವಳಿಕೆ ಇಲ್ಲಿ ಸಂಘದ ದಫ್ತರವಾಗಿ ಕುಳಿತಿತ್ತು.

ಆದರೂ ಈ ಒಳ್ಳೆಯ ವ್ಯವಸ್ಥೆಗೂ ಒಂದು ಬೇಲಿಯುಂಟು. ಒಳಗಿನವರಿಗೆ ನೆರಳಾದ ಬೇಲಿಯೇ ಹೊರಗಿನವರಿಗೆ ತಡೆ. ಒಂದು ಸಹಕಾರ ಸಂಘವು ತನ್ನ ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಮೀಸಲಿಡಬಹುದೇ ಎಂಬ ಪ್ರಶ್ನೆ ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಂಘವೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದು, 2005ರಲ್ಲಿ ನ್ಯಾಯಾಲಯವು ಅಂಥ ಉಪನಿಯಮವನ್ನು ಎತ್ತಿಹಿಡಿಯಿತು. ಕಾಯಿದೆ ಒಪ್ಪಿದ್ದೆಲ್ಲ ಮನಸ್ಸು ಒಪ್ಪಬೇಕೆಂದೇನೂ ಇಲ್ಲ. ನಮ್ಮನ್ನೂ ಒಂದು ಕಾಲಕ್ಕೆ “ಮದ್ರಾಸಿಗಳು” ಎಂದು ಕರೆದು ಬಾಗಿಲು ಮುಚ್ಚಿದವರಿದ್ದರು. ಇಂದು ನಮ್ಮ ಕೈಯಲ್ಲಿ ಬೀಗದ ಕೈ ಇರುವಾಗ, ಬಿಹಾರದಿಂದಲೋ ಅಸ್ಸಾಮಿನಿಂದಲೋ ಬಂದವನಿಗೆ, ಬೇರೆ ಧರ್ಮದವನಿಗೆ, ಒಂಟಿಯಾಗಿ ದುಡಿಯುವ ಹೆಣ್ಣುಮಗಳಿಗೆ, “ನಮ್ಮವರಿಗಷ್ಟೇ ಕೊಡುತ್ತೇವೆ” ಎನ್ನುವುದನ್ನು ನಾವು ನಮ್ಮವರ ಬಾಯಲ್ಲಿಯೇ ಕೇಳಿದ್ದೇವೆ. ಆ ಮರಾಠಿ ಅಜ್ಜಿ ಹಾಗೆಂದಿದ್ದರೆ ನಾವು ಎಲ್ಲಿರುತ್ತಿದ್ದೆವು?

ಮುಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. ಬಾಡಿಗೆಯ ಮನೆ ಕಟ್ಟುವುದರಲ್ಲಿ ಲಾಭ ಕಡಮೆಯಾದ ಮೇಲೆ, ಮನೆಗಳನ್ನು ಕಟ್ಟಿ ಒಂದೊಂದಾಗಿ ಮಾರುವ ಪದ್ಧತಿ ಬೆಳೆಯಿತು. 1963ರಲ್ಲಿ ಮಹಾರಾಷ್ಟ್ರ ಸರಕಾರವು ಮಾಲಕಿ ಫ್ಲ್ಯಾಟುಗಳ ಕಾಯಿದೆಯನ್ನು ತಂದು, ಕಟ್ಟುವವನು ಕೊಳ್ಳುವವನಿಗೆ ಲಿಖಿತ ಕರಾರು ಮಾಡಿಕೊಡಲೇಬೇಕೆಂದು ವಿಧಿಸಿತು. 1940ರ ಬಾಡಿಗೆಯನ್ನು ಹಾಗೆಯೇ ಹೆಪ್ಪುಗಟ್ಟಿಸಿಡುವುದು ಇನ್ನು ಸಮಂಜಸವಲ್ಲವೆಂದು ಸುಪ್ರೀಂ ಕೋರ್ಟು 1997ರಲ್ಲಿ ತೀರ್ಪು ಕೊಟ್ಟಿತು. ಆ ಮೊಕದ್ದಮೆಯ ಹೆಸರಿನಲ್ಲಿ ನಮ್ಮ ಕರಾವಳಿಯ ಮಲ್ಪೆಯ ಹೆಸರೂ ಇದ್ದುದು ಕುತೂಹಲದ ಸಂಗತಿ. 1999ರ ಹೊಸ ಬಾಡಿಗೆ ಕಾಯಿದೆಯು 2000ದ ಮಾರ್ಚ್ 31ರಿಂದ ಜಾರಿಗೆ ಬಂದು, ಅರ್ಧ ಶತಮಾನ ಅಪರಾಧವಾಗಿದ್ದ ಪಗಡಿಯ ಕೊಡುಕೊಳ್ಳುವಿಕೆಯನ್ನು ಕಾಯಿದೆಬದ್ಧ ಮಾಡಿತು. ದಿಲ್ಲಿಯಲ್ಲಿ ಬಹುಕಾಲ ನಡೆದ ಇನ್ನೊಂದು ಬಗೆಯ ಒಳವ್ಯವಹಾರವೆಂದರೆ, ಬರಿಯ ಮುಖತ್ಯಾರ ಪತ್ರದ ಮೇಲೆ ಮನೆ ಮಾರುವುದು. ಅದರಿಂದ ಒಡೆತನ ದಾಟುವುದಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2016ರ ಕೇಂದ್ರ ಕಾಯಿದೆಯು ದೊಡ್ಡ ಹೊಸ ಕಟ್ಟಡಗಳನ್ನು ನೋಂದಾಯಿಸದೆ ಜಾಹೀರು ಮಾಡಕೂಡದು, ಮಾರಲೂಕೂಡದು ಎಂದು ವಿಧಿಸಿದೆ. ಆದರೆ ಒಬ್ಬ ಗೃಹಸ್ಥನು ತಾನು ವಾಸವಾಗಿದ್ದ ಮನೆಯನ್ನು ಪರಿಚಯದವನಿಗೆ ಮಾರುವ ವ್ಯವಹಾರ ಇಂದಿಗೂ ಪರಿಚಯದ ದಾರಿಯಲ್ಲೇ ನಡೆಯುತ್ತದೆ. ಖಾನಾವಳಿಯ ಮಾತು ಮೊಬೈಲಿನ ಸಂದೇಶವಾಗಿದೆ, ಅಷ್ಟೇ.

ಮುಂಬಯಿಯ ವೃತ್ತಪತ್ರಿಕೆಗಳಲ್ಲಿ ಒಂದು ವಿಚಿತ್ರವನ್ನು ವಾಚಕರು ಗಮನಿಸಿರಬಹುದು. ಮನೆ ಮಾರಾಟಕ್ಕಿದೆಯೆಂಬ ಸುದ್ದಿ ಎಲ್ಲಿಯೂ ಅಚ್ಚಾಗಿರುವುದಿಲ್ಲ. ಆದರೆ ವ್ಯವಹಾರ ಕುದುರಿದ ಮೇಲೆ ಕೊಳ್ಳುವವನ ವಕೀಲರು “ಜಾಹೀರ್ ಸೂಚನೆ” ಎಂದು ಸಣ್ಣ ಅಕ್ಷರಗಳಲ್ಲಿ ಪ್ರಕಟಿಸುತ್ತಾರೆ: ಇಂಥ ಮನೆಯ ಮೇಲೆ ಯಾರಿಗಾದರೂ ಹಕ್ಕಿದ್ದರೆ ಸಾಮಾನ್ಯವಾಗಿ ಹದಿನಾಲ್ಕು ದಿನಗಳೊಳಗೆ ತಿಳಿಸಬೇಕು. ಮಾರುವಾಗ ಇಲ್ಲದ ಜಾಹೀರಾತು ಕೊಳ್ಳುವಾಗ ಬರುತ್ತದೆ! ಕಲ್ಯಾಣದ ಪಂಡಿತನು ಕೇಳಿದ ಊರಿನವರ ಒಪ್ಪಿಗೆಯೇ ಇಲ್ಲಿ ವೇಷ ಬದಲಿಸಿ ಬಂದಿದೆ ಎಂದು ನಮಗೆ ಅನ್ನಿಸುತ್ತದೆ.

ಆದಕಾರಣ ನಮ್ಮ ತರುಣ ಕುಟುಂಬಗಳಿಗೆ ಎರಡು ಮಾತು. ಪರಿಚಯದಿಂದ ಮನೆ ಸಿಕ್ಕಿದರೆ ಸಂತೋಷದಿಂದ ಕೊಳ್ಳಿರಿ. ಆದರೆ ಊರಿನವರೆಂಬ ಸಂಕೋಚದಿಂದ ಕಾಗದ ಕೇಳದೆ ಇರಬೇಡಿರಿ. ಹಿಂದಿನ ಕರಾರುಗಳ ಸರಪಳಿ, ಸೊಸೈಟಿಯ ಷೇರು ಪತ್ರ, ನೋಂದಣಿ ಕಚೇರಿಯ ದಾಖಲೆಯ ಶೋಧ, ಪತ್ರಿಕೆಯ ಸೂಚನೆ, ಇವುಗಳಲ್ಲಿ ಒಂದನ್ನೂ ಬಿಡಬೇಡಿರಿ. ಕಾಗದ ಕೇಳುವುದು ನಂಬಿಗೆಯಿಲ್ಲದ್ದಕ್ಕಲ್ಲ. ನಮ್ಮಿಬ್ಬರ ಕಾಲಾನಂತರವೂ ಆ ನಂಬಿಗೆ ಉಳಿಯಲೆಂದು.

ಎರಡನೆಯದು, ಮನೆ ಕೊಡುವವರು ನೀವಾದಾಗ, ಕೇಳಲು ಬಂದವನ ಭಾಷೆಯನ್ನು ವಿಚಾರಿಸುವ ಮೊದಲು ನಿಮ್ಮ ಹಿರಿಯರು ಮೊದಲ ರಾತ್ರಿ ಎಲ್ಲಿ ಮಲಗಿದ್ದರೆಂಬುದನ್ನು ನೆನೆಯಿರಿ. ನಮ್ಮ ತಗಡಿನ ಡಬ್ಬಿ ಇಂದಿಗೂ ಮನೆಯಲ್ಲಿದೆ. ಅದರಲ್ಲಿ ಬೇರೆಯವರ ಹೆಸರಿನ 144 ರಸೀದಿಗಳಿವೆ. ಅವುಗಳ ಮೇಲೆ, ನಮ್ಮ ತಂದೆಯ ಹೆಸರಿನ ಡೊಂಬಿವಲಿಯ ಮೊದಲ ರಸೀದಿ ಇದೆ.